ಪೂರ್ತಿ ತಯಾರಾದ ಗೇಮ್ ಅಂಗಡಿಗೆ ಬರದೇ ಹೋಗುವುದು ಯಾಕೆ?

ಓದುಗರ ಪ್ರಶ್ನೆ: ಹಳೇ ಕನ್ಸೋಲ್‌ಗಳಿಗೆ ಮಾಡಿದ ಎಷ್ಟೋ ಗೇಮ್‌ಗಳು ರದ್ದಾದವು ಅಂತ ಕೇಳುತ್ತಿರುತ್ತೇವೆ. ಅರ್ಧಕ್ಕೆ ನಿಂತಿದ್ದರೆ ಅರ್ಥವಾಗುತ್ತದೆ. ಪೂರ್ತಿ ಮುಗಿದದ್ದನ್ನೂ ಬಿಡುಗಡೆ ಮಾಡದೆ ಇಟ್ಟುಕೊಳ್ಳುವುದು ಯಾಕೆ? ಅಡುಗೆ ಮಾಡಿ ಬಡಿಸದೆ ಮುಚ್ಚಿಟ್ಟ ಹಾಗಲ್ವಾ?

ಗೇಮ್ ಚೆನ್ನಾಗಿರಲಿಲ್ಲ, ಅದಕ್ಕೇ ಕೈಬಿಟ್ಟರು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಮುಗಿದ ಗೇಮ್ ನಿಂತುಹೋಗಿದೆ ಅಂದರೆ ಗೇಮಿಗಿಂತ ಮೊದಲು ಕ್ಯಾಲೆಂಡರ್ ನೋಡಬೇಕು. ಮಾಡಲು ಶುರು ಮಾಡಿದಾಗ ಇದ್ದ ಮಾರುಕಟ್ಟೆ, ಮುಗಿಯುವ ಹೊತ್ತಿಗೆ ಇರುವುದಿಲ್ಲ. ಜಪಾನಿನ ನಿಂಟೆಂಡೊ ಕಂಪನಿಯ ಸೂಪರ್ ನಿಂಟೆಂಡೊಗೆ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ, ಮಾಡಿದ ‘ಸ್ಟಾರ್ ಫಾಕ್ಸ್ 2’ ಕಥೆ ಹೇಳಿದರೆ ಇದು ಸುಲಭವಾಗಿ ತಿಳಿಯುತ್ತದೆ.

ಮೊದಲ ‘ಸ್ಟಾರ್ ಫಾಕ್ಸ್’ ಬಂದದ್ದು 1993ರಲ್ಲಿ. ಸೂಪರ್ ನಿಂಟೆಂಡೊದ ಪ್ರೊಸೆಸರ್ ಎಷ್ಟು ಓಡಿದರೂ 3.58 ಮೆಗಾಹರ್ಟ್ಸ್ ದಾಟುತ್ತಿರಲಿಲ್ಲ. 3ಡಿ ಆಟ ಓಡಿಸುವ ಶಕ್ತಿ ಅದಕ್ಕಿರಲಿಲ್ಲ. ಅದಕ್ಕೆ ಇಂಗ್ಲೆಂಡಿನ ಅರ್ಗೊನಾಟ್ ಕಂಪನಿಯವರು ಒಂದು ಉಪಾಯ ಮಾಡಿದರು. ಕನ್ಸೋಲ್ ಹೇಗಿದೆಯೋ ಹಾಗೇ ಇರಲಿ, ಗೇಮ್ ಕ್ಯಾಸೆಟ್ ಒಳಗೇ ಇನ್ನೊಂದು ಪ್ರೊಸೆಸರ್ ಕೂರಿಸೋಣ ಅಂದರು. ಅದೇ ಸೂಪರ್ ಎಫ್‌ಎಕ್ಸ್ ಚಿಪ್. ಕ್ಯಾಸೆಟ್ ಹಾಕಿದರೆ ಹಳೇ ಯಂತ್ರದಲ್ಲೇ ತ್ರಿಕೋನ, ಚೌಕದ ಆಕಾರಗಳಿಂದ ಕಟ್ಟಿದ ವಿಮಾನಗಳು ಹಾರಾಡುತ್ತಿದ್ದವು. ಆ ಕಾಲಕ್ಕೆ ಅದು ದೊಡ್ಡ ಸಂಗತಿ.

ಎರಡನೇ ಭಾಗದ ಕೆಲಸ ಕ್ಯೋಟೋದಲ್ಲಿ ಶುರುವಾಯಿತು. ಮುಖ್ಯ ಪ್ರೋಗ್ರಾಮರ್ ಡಿಲನ್ ಕಥ್‌ಬರ್ಟ್, ಮೇಲ್ವಿಚಾರಣೆ ನಿಂಟೆಂಡೊದ ಹೆಸರಾಂತ ಗೇಮ್ ವಿನ್ಯಾಸಕ ಶಿಗೆರು ಮಿಯಾಮೊಟೊ ಅವರದು. ಈ ಸಲದ ಚಿಪ್ 21 ಮೆಗಾಹರ್ಟ್ಸ್‌ನದು. ಆಟದ ರೀತಿಯೂ ಬೇರೆ. ಮೊದಲನೆಯದರಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಗುಂಡು ಹೊಡೆಯುತ್ತಾ ಮುಂದೆ ಹೋಗುತ್ತಿದ್ದೆವು. ಇದರಲ್ಲಿ ನಿಮ್ಮ ಮುಂದೆ ಇಡೀ ನಕ್ಷೆ ಇರುತ್ತದೆ. ಶತ್ರು ಆಂಡ್ರಾಸ್ ಕಳಿಸಿದ ಕ್ಷಿಪಣಿಗಳು, ಹಡಗುಗಳು ಕೊರ್ನೇರಿಯಾ ಗ್ರಹದ ಕಡೆ ಬರುತ್ತಿರುತ್ತವೆ. ನೀವು ಒಂದು ಕಡೆ ಹೋರಾಡುತ್ತಿದ್ದರೆ ಅವು ಸುಮ್ನೆ ನಿಂತು ಕಾಯುವುದಿಲ್ಲ. ಗ್ರಹಕ್ಕೆ ಏಟು ಬಿದ್ದಷ್ಟೂ ಹಾನಿಯ ಶೇಕಡಾವಾರು ಏರುತ್ತದೆ, 100 ಮುಟ್ಟಿದರೆ ಆಟ ಮುಗೀತು. ಆರು ಪೈಲಟ್‌ಗಳಲ್ಲಿ ಇಬ್ಬರನ್ನು ಆರಿಸಿಕೊಳ್ಳಬೇಕು. ನಿಮ್ಮ ವಿಮಾನ ಬೇಕೆಂದಾಗ ಎರಡು ಕಾಲಿನ ನಡೆಯುವ ಯಂತ್ರವಾಗುತ್ತದೆ. 1990ರ ದಶಕದ ಕ್ಯಾಸೆಟ್ ಒಂದರಲ್ಲಿ ಇಷ್ಟೆಲ್ಲಾ ತುಂಬಿದ್ದು ನಿಜಕ್ಕೂ ಜಾಸ್ತಿಯೇ.

1995ರ ಜನವರಿಯಲ್ಲಿ ಅಮೆರಿಕದ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಇದನ್ನು ತೋರಿಸಿದ್ದರು. ಅಷ್ಟರಲ್ಲಿ ಜಪಾನಿನಲ್ಲಿ ಎರಡು ಹೊಸ ಯಂತ್ರಗಳು ಅಂಗಡಿಗೆ ಬಂದಾಗಿತ್ತು. 1994ರ ನವೆಂಬರಿನಲ್ಲಿ ಸೆಗಾ ಸ್ಯಾಟರ್ನ್, ಡಿಸೆಂಬರಿನಲ್ಲಿ ಸೋನಿ ಪ್ಲೇಸ್ಟೇಷನ್. ಅವುಗಳ 3ಡಿ ಮುಂದೆ ಸೂಪರ್ ನಿಂಟೆಂಡೊ 3ಡಿ ಇಟ್ಟರೆ ವ್ಯತ್ಯಾಸ ಮಕ್ಕಳಿಗೂ ಕಾಣುತ್ತಿತ್ತು. ನಿಂಟೆಂಡೊ ತಾನೂ ಒಂದು ಹೊಸ ಯಂತ್ರ ಮಾಡುತ್ತಿತ್ತು, ಮುಂದೆ ನಿಂಟೆಂಡೊ 64 ಆದದ್ದು ಅದೇ. ನಮ್ಮ 3ಡಿ ಅಂದರೆ ಜನಕ್ಕೆ ಹೊಸ ಯಂತ್ರದ್ದೇ ನೆನಪಾಗಬೇಕು, ಹಳೇದು ನಡುವೆ ಬರಬಾರದು ಅನ್ನುವುದು ಮಿಯಾಮೊಟೊ ಲೆಕ್ಕ. ಗೇಮ್ ನಿಲ್ಲಿಸಿದರು. ಆದರೂ ಉಳಿದಿದ್ದ ಕೆಲಸ, ಪರೀಕ್ಷೆ ಎಲ್ಲಾ ಮುಗಿಸಿ, ಪೂರ್ತಿ ಪ್ರತಿಯನ್ನೇ ಒಳಗಿಟ್ಟರು.

ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ ಅನ್ನಿಸಬಹುದು. ಆದರೆ ನಿಂಟೆಂಡೊ 64 ತಡವಾಯಿತು. ಜಪಾನಿಗೆ 1996ರ ಜೂನ್, ಅಮೆರಿಕಕ್ಕೆ ಸೆಪ್ಟೆಂಬರ್. ನಡುವೆ ಒಂದು ವರ್ಷಕ್ಕೂ ಹೆಚ್ಚು ಸಮಯ ಖಾಲಿ ಬಿದ್ದಿತ್ತು. ಅಷ್ಟು ಸಮಯ ಸಿಗುತ್ತದೆ ಅಂತ ಗೊತ್ತಿದ್ದಿದ್ದರೆ ಬಿಡುಗಡೆ ಮಾಡಬಹುದಿತ್ತು ಎಂದು ಕಥ್‌ಬರ್ಟ್ ಅವರೇ ಮುಂದೆ ಹೇಳಿದ್ದಾರೆ. ನನ್ನ ಮಟ್ಟಿಗೆ ಇದು ಗೇಮಿನ ಸೋಲಲ್ಲ, ದಿನಾಂಕದ ಸೋಲು.

ಇನ್ನೊಂದು ಕಾರಣವೂ ಇದೆ, ದುಡ್ಡು. ಸಿ.ಡಿ. ಒತ್ತುವುದು ಅಗ್ಗ, ಬೇಕಾದಾಗ ಇನ್ನಷ್ಟು ಒತ್ತಿಸಬಹುದು. ಕ್ಯಾಸೆಟ್ ಹಾಗಲ್ಲ. ಪ್ರತಿಯೊಂದರಲ್ಲೂ ನಿಜವಾದ ಚಿಪ್‌ಗಳಿರಬೇಕು. ಎಷ್ಟು ಬೇಕೋ ಅಷ್ಟಕ್ಕೆ ಮೊದಲೇ ಆರ್ಡರ್ ಕೊಟ್ಟು ಹಣ ಹಾಕಬೇಕು. ಮಾರಾಟವಾಗದೆ ಉಳಿದರೆ ಅಷ್ಟೂ ನಷ್ಟ. ಸೂಪರ್ ಎಫ್‌ಎಕ್ಸ್ ಇದ್ದರಂತೂ ಖರ್ಚು ಇನ್ನೂ ಜಾಸ್ತಿ. ಗೇಮ್ ಮಾಡಲು ಹಾಕಿದ ದುಡ್ಡು ಹೋದದ್ದು ಹೋಯಿತು, ಇನ್ನು ಕ್ಯಾಸೆಟ್‌ಗೂ ಹಾಕಬೇಕಾ ಅನ್ನುವ ಪ್ರಶ್ನೆ ಬಂದಾಗ ಬೇಡ ಅನ್ನುವವರೇ ಹೆಚ್ಚು.

‘ಮದರ್’ ಅನ್ನುವ ಜಪಾನಿ ಗೇಮಿಗೆ ಆದದ್ದೂ ಹೆಚ್ಚುಕಡಿಮೆ ಇದೇ. 1989ರಲ್ಲಿ ಜಪಾನಿನಲ್ಲಿ ಬಂತು. 1990ರ ಹೊತ್ತಿಗೆ ಇಂಗ್ಲಿಷ್ ಆವೃತ್ತಿಯೂ ತಯಾರಾಗಿತ್ತು. ಆದರೆ 1991ರಲ್ಲಿ ಸೂಪರ್ ನಿಂಟೆಂಡೊ ಅಮೆರಿಕಕ್ಕೆ ಕಾಲಿಟ್ಟಿತು, ಅದಕ್ಕಿಂತ ಹಿಂದಿನ, ಹಳೇ 8-ಬಿಟ್ ಯಂತ್ರಕ್ಕೆ ಮಾಡಿದ ಈ ಗೇಮ್ ಅಲ್ಲಿ ಮಾರಾಟಕ್ಕೆ ಬರಲೇ ಇಲ್ಲ. 1998ರಲ್ಲಿ ಅದರ ಪರೀಕ್ಷಾ ಪ್ರತಿಯೊಂದು ಅಭಿಮಾನಿಗಳ ಕೈಗೆ ಸಿಕ್ಕಿ, ಒಳಗಿದ್ದದ್ದು ಅಂತರ್ಜಾಲಕ್ಕೆ ಬಂತು. ನಿಂಟೆಂಡೊ ಅಧಿಕೃತವಾಗಿ ಕೊಟ್ಟದ್ದು 2015ರಲ್ಲಿ!

ಪರೀಕ್ಷಾ ಪ್ರತಿ ಅಂದರೆ ಏನು ಅಂತ ಒಂಚೂರು ಹೇಳಬೇಕು. ಅಂಗಡಿಯ ಕ್ಯಾಸೆಟ್‌ನಲ್ಲಿರುವ ಚಿಪ್‌ನಲ್ಲಿ ಬರೆದದ್ದು ಶಾಶ್ವತ. ಪರೀಕ್ಷೆಗೆ ಮಾಡಿದ್ದರಲ್ಲಿ ಇರುವುದು ಅಳಿಸಿ ಮತ್ತೆ ಬರೆಯಬಲ್ಲ ಈಪ್ರಾಮ್ ಚಿಪ್. ಅದರ ನೆತ್ತಿಯ ಮೇಲೆ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಅದರ ಮೂಲಕ ಅತಿನೇರಳೆ ಬೆಳಕು ಬಿಟ್ಟರೆ ಒಳಗಿರುವುದೆಲ್ಲಾ ಅಳಿಸಿಹೋಗುತ್ತದೆ. ಅದಕ್ಕೇ ಕಿಟಕಿಗೆ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ, ಮೇಲೆ ಪೆನ್ನಿನಲ್ಲಿ ಗೇಮಿನ ಹೆಸರೋ ತಾರೀಕೋ ಗೀಚಿರುತ್ತಾರೆ. ಮುಚ್ಚಿಟ್ಟರೂ ಚಿಪ್ ವರ್ಷಗಳು ಕಳೆದಂತೆ ತಾನಾಗಿಯೇ ಮರೆಯುತ್ತಾ ಹೋಗುತ್ತದೆ. ಹಾಗಾಗಿ ಸಿಕ್ಕಿದ ಕೂಡಲೇ ಅದರಲ್ಲಿರುವುದನ್ನು ಓದಿ ಫೈಲ್ ಮಾಡಿಕೊಳ್ಳಬೇಕು. ಅಪರೂಪದ ವಸ್ತು ಅಂತ ಶೋಕೇಸಿನಲ್ಲಿಟ್ಟು ಕೂತರೆ ಕೊನೆಗೆ ಉಳಿಯುವುದು ಪ್ಲಾಸ್ಟಿಕ್ ಡಬ್ಬಿ ಮಾತ್ರ. ಸಂಗ್ರಹಕಾರರ ಮೇಲೆ ನನಗಿರುವ ಒಂದೇ ಸಿಟ್ಟು ಇದು.

‘ಸ್ಟಾರ್ ಫಾಕ್ಸ್ 2’ರ ಅಪೂರ್ಣ ಆವೃತ್ತಿಯೂ ಹೀಗೇ ಹೊರಗೆ ಬಂದು, ಅಭಿಮಾನಿಗಳು ಅದಕ್ಕೆ ಇಂಗ್ಲಿಷ್ ಅನುವಾದ ಸೇರಿಸಿ ವರ್ಷಗಟ್ಟಲೆ ಆಡಿದರು. ಅಷ್ಟರಲ್ಲಿ ಗೇಮಿನ ಒಳ್ಳೆಯ ಯೋಚನೆಗಳನ್ನು ನಿಂಟೆಂಡೊ 1997ರ ‘ಸ್ಟಾರ್ ಫಾಕ್ಸ್ 64’ರಲ್ಲಿ ಬಳಸಿಕೊಂಡಾಗಿತ್ತು. ಎಲ್ಲಾ ದಿಕ್ಕಿಗೂ ತಿರುಗಿ ಹೋರಾಡುವುದು, ಎದುರಾಳಿ ತಂಡ ಸ್ಟಾರ್ ವುಲ್ಫ್, ಎರಡೂ ಇಲ್ಲಿಂದಲೇ ಹೋದವು. ಪೂರ್ತಿ ಪ್ರತಿ ಹೊರಬಂದದ್ದು 2017ರ ಸೆಪ್ಟೆಂಬರಿನಲ್ಲಿ, 21 ಗೇಮ್‌ಗಳನ್ನು ತುಂಬಿದ ಪುಟ್ಟ ಸೂಪರ್ ನಿಂಟೆಂಡೊ ಕ್ಲಾಸಿಕ್ ಜೊತೆ. ಅದರಲ್ಲೂ ಮೊದಲ ‘ಸ್ಟಾರ್ ಫಾಕ್ಸ್’ನ ಒಂದು ಹಂತ ಮುಗಿಸಿದರೇ ಎರಡನೆಯದು ತೆರೆದುಕೊಳ್ಳುತ್ತಿತ್ತು.

ಈಗ ಆಡಬೇಕು ಅಂದರೆ ನಿಂಟೆಂಡೊ ಸ್ವಿಚ್‌ನ ಆನ್‌ಲೈನ್ ಚಂದಾದಲ್ಲಿ ಇದೆ, 2019ರ ಡಿಸೆಂಬರಿನಿಂದ. ಒಂದು ಸುತ್ತು ಒಂದು ಗಂಟೆಯೊಳಗೆ ಮುಗಿಯುತ್ತದೆ. ಚಿತ್ರ ಸ್ವಲ್ಪ ಜರ್ಕ್ ಹೊಡೆಯುತ್ತದೆ, ಹೊಂದಿಕೊಳ್ಳಿ. ಮೊದಲ ಸಲ ನಕ್ಷೆ ನೋಡುವುದು ಮರೆತು ವಿಮಾನದ ಹಿಂದೆ ವಿಮಾನ ಅಟ್ಟಿಸಿಕೊಂಡು ಹೋದರೆ ಕೊರ್ನೇರಿಯಾ ಉಳಿಯುವುದಿಲ್ಲ. ಕ್ಷಿಪಣಿಗಳನ್ನು ಮೊದಲು ಹೊಡೆಯಿರಿ.