ಕಾಣದ ದ್ರವ್ಯದ ಲೆಕ್ಕ ತಪ್ಪೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಡಾರ್ಕ್ ಮ್ಯಾಟರ್ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಕ್ಕಿಲ್ಲ. ಹಾಗಾದರೆ ಅದರ ಬಗ್ಗೆ ಯಾರು ಏನು ಹೇಳಿದರೂ ನಡೆಯುತ್ತದಲ್ಲ?
– ಪೈವಳಿಕೆಯ ಓದುಗರೊಬ್ಬರು

ಉತ್ತರ: ನಡೆಯುವುದಿಲ್ಲ. ದೊಡ್ಡವರು ನಂಬಿದ್ದ ಎರಡು ಮಾದರಿಗಳು ಈಗಾಗಲೇ ಬಿದ್ದುಹೋಗಿವೆ. ಬೀಳಿಸಿದ್ದು ಗ್ಯಾಲಕ್ಸಿಗಳ ಎಣಿಕೆ.

ರಾತ್ರಿ ಪೊಸಡಿಗುಂಪೆಯ ಮೇಲೆ ನಿಂತರೆ ನಿಮಗೆ ಗುಡ್ಡ, ತೋಟ ಯಾವುದೂ ಕಾಣದು, ಮನೆಗಳ ದೀಪ ಮಾತ್ರ. ಆದರೂ ದೀಪ ಎಲ್ಲಿ ಒತ್ತೊತ್ತಾಗಿದೆ, ಎಲ್ಲಿ ಒಂದೂ ಇಲ್ಲ ಎಂದು ನೋಡಿ, ನೀರಿರುವ ತಗ್ಗು ಯಾವುದು, ಬೋಳು ಪದವು ಯಾವುದು ಎಂದು ಹೇಳಬಹುದು. ಗ್ಯಾಲಕ್ಸಿಗಳೂ ಹಾಗೆಯೇ. ವಿಶ್ವದ ದ್ರವ್ಯದಲ್ಲಿ ಹೆಚ್ಚುಕಡಿಮೆ ಆರರಲ್ಲಿ ಐದು ಪಾಲು ಡಾರ್ಕ್ ಮ್ಯಾಟರ್. ಅದು ದಟ್ಟವಾಗಿರುವಲ್ಲಿಗೆ ಅನಿಲ ಜಾರಿ ಬಂದು ನಕ್ಷತ್ರಗಳು ಹುಟ್ಟಿ, ಗ್ಯಾಲಕ್ಸಿಗಳಾಗುತ್ತವೆ.

ಪರೀಕ್ಷೆ ನಡೆಯುವುದು ಜೋಡಿ ಎಣಿಸುವುದರಿಂದ. ಒಂದು ಗ್ಯಾಲಕ್ಸಿಯಿಂದ ಇಷ್ಟು ದೂರದಲ್ಲಿ ಇನ್ನೊಂದು ಸಿಗುವ ಸಂಭವ, ಅವು ಮನಬಂದಂತೆ ಚೆಲ್ಲಿದ್ದರೆ ಇರುತ್ತಿದ್ದುದಕ್ಕಿಂತ ಎಷ್ಟು ಜಾಸ್ತಿ? ಸಾಮಾನ್ಯ ಗ್ಯಾಲಕ್ಸಿಗಳಿಗೆ ಎರಡು ಕೋಟಿ ಚಿಲ್ಲರೆ ಜ್ಯೋತಿರ್ವರ್ಷ ದೂರದಲ್ಲಿ ಅದು ಸುಮಾರು ಎರಡು ಪಟ್ಟು. ದೂರ ಹೆಚ್ಚಿದಂತೆ ಇಳಿಯುತ್ತದೆ. ಇನ್ನು ಕಂಪ್ಯೂಟರಿನಲ್ಲಿ ನಿಮಗೆ ಬೇಕಾದ ಡಾರ್ಕ್ ಮ್ಯಾಟರ್ ತುಂಬಿ, ಗುರುತ್ವವನ್ನು ಇಂದಿನವರೆಗೆ ಓಡಲು ಬಿಟ್ಟು, ಅಲ್ಲೂ ಹಾಗೆಯೇ ಜೋಡಿ ಎಣಿಸಿ. ಎರಡು ಲೆಕ್ಕ ಹೊಂದಬೇಕು.

ಮೊದಲು ಬಿದ್ದದ್ದು, ಡಾರ್ಕ್ ಮ್ಯಾಟರ್ ಎಂದರೆ ನ್ಯೂಟ್ರಿನೊ ಎಂಬ ಹಗುರ ಕಣವೇ ಎನ್ನುವ ಮಾದರಿ. ಪರಿಚಯದ ಕಣ, ಹಾಗಾಗಿ ಎಲ್ಲರಿಗೂ ಅದರ ಮೇಲೆ ಆಸೆ. ಆದರೆ ಅದರ ವೇಗ ವಿಪರೀತ; ಬಾಲ್ಯದ ವಿಶ್ವದಲ್ಲಿದ್ದ ಸಣ್ಣ ಸಣ್ಣ ಗಂಟುಗಳನ್ನು ಅದು ಅಳಿಸಿಹಾಕುತ್ತದೆ. 1983ರಲ್ಲಿ ವೈಟ್, ಫ್ರೆಂಕ್, ಡೇವಿಸ್ ಎಂಬ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿದಾಗ ಆ ವಿಶ್ವದಲ್ಲಿ ಗ್ಯಾಲಕ್ಸಿಗಳು ಗುಂಪುಗೂಡುವುದು ನಿಜಕ್ಕಿಂತ ತೀರಾ ಅತಿಯಾಗಿ ಬಂತು. ಅಲ್ಲಿಗೆ ಮುಗಿಯಿತು.

ಎರಡನೆಯ ಸೋಲು ಇನ್ನೂ ಸ್ವಾರಸ್ಯದ್ದು. ನಿಧಾನಗತಿಯ 'ತಣ್ಣನೆಯ' ಡಾರ್ಕ್ ಮ್ಯಾಟರ್ ಗೆದ್ದಿತ್ತು. ವಿಶ್ವವೆಲ್ಲ ಬರೀ ದ್ರವ್ಯವೇ ಎಂಬುದು ಆಗಿನ ನಂಬಿಕೆ. 1990ರಲ್ಲಿ ಸುಮಾರು 20 ಲಕ್ಷ ಗ್ಯಾಲಕ್ಸಿಗಳನ್ನು ಎಣಿಸಿದ 'ಎಪಿಎಂ' ಎಂಬ ಆಕಾಶ ಸಮೀಕ್ಷೆ ಬಂತು. ಬಹುದೂರದಲ್ಲೂ ಗುಂಪುಗಳು ಈ ಮಾದರಿ ಹೇಳಿದ್ದಕ್ಕಿಂತ ಹೆಚ್ಚು! ದ್ರವ್ಯ ಕಡಿಮೆ ಮಾಡಿ, ಉಳಿದ ಜಾಗಕ್ಕೆ ಐನ್‌ಸ್ಟೈನ್ ಕೈಬಿಟ್ಟಿದ್ದ ವಿಶ್ವಸ್ಥಿರಾಂಕವನ್ನು (ಖಾಲಿ ಜಾಗಕ್ಕೇ ಇರುವ ಶಕ್ತಿ) ತಂದರೆ ಸರಿಹೋಗುತ್ತದೆ ಎಂದು ಅದೇ ವರ್ಷ ವಿಜ್ಞಾನಿ ಎಫ್‌ಸ್ಟಾಥಿಯು ಮತ್ತು ಸಂಗಡಿಗರು ಬರೆದರು. ಸೂಪರ್‌ನೋವಾಗಳು, ಅಂದರೆ ಸಿಡಿಯುವ ನಕ್ಷತ್ರಗಳು, ಅದೇ ಮಾತು ಹೇಳಿದ್ದು 1998ರಲ್ಲಿ.

ಒಂದು ತೊಡಕಿದೆ. ದೀಪವಿಲ್ಲದ ಕಡೆ ನೆಲವೇ ಇಲ್ಲ ಎನ್ನಲಾಗದು. ಹೊಳಪು ಹೆಚ್ಚಿರುವ ಗ್ಯಾಲಕ್ಸಿಗಳು ದ್ರವ್ಯಕ್ಕಿಂತಲೂ ಬಿಗಿಯಾಗಿ ಗುಂಪುಗೂಡುತ್ತವೆ. ಈ ವ್ಯತ್ಯಾಸದ ಮರೆಯಲ್ಲಿ ತಪ್ಪು ಮಾದರಿಯೂ ಅಡಗಿ ಕೂರಬಹುದು. ಹಾಗಾಗಿ ಗುರುತ್ವದಿಂದ ಬೆಳಕು ಎಷ್ಟು ಬಾಗಿದೆ ಎಂದು ಅಳೆದು, ದ್ರವ್ಯವನ್ನು ನೇರವಾಗಿ ತೂಗಿ ತಾಳೆ ನೋಡುತ್ತಾರೆ. ಜೋಡಿ ಎಣಿಕೆಗೆ ಬೇಕಾದ ದೂರ ಅಳೆಯಲು ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿರುವ 'ಡೆಸಿ' ಉಪಕರಣ ಈಗ ಒಂದೇ ಸಲಕ್ಕೆ 5,000 ಆಕಾಶಕಾಯಗಳ ಬೆಳಕು ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಆ ಕಣ ಯಾವುದೆಂದು ಈ ಎಣಿಕೆ ಹೇಳದು, ಅದರ ನಡತೆಯನ್ನಷ್ಟೇ ಹೇಳುತ್ತದೆ. ಇನ್ನೂ ಊಹೆಯಲ್ಲೇ ಇರುವ ಕಣಗಳಾದ ಹಗುರ ಆಕ್ಸಿಯಾನ್ ಆಗಲಿ, ಭಾರದ ವಿಂಪ್ ಆಗಲಿ, ದೊಡ್ಡ ದೂರಗಳಲ್ಲಿ ಜೋಡಿಗಳ ಲೆಕ್ಕ ಒಂದೇ ಬರುತ್ತದೆ.