ಅಜ್ಜಿ ಉಳಿದರು, ತಾಯಿ ಉಳಿಯಲಿಲ್ಲ

1918ರಲ್ಲಿ ಹಿಂದಿಯ ಕವಿ ಸೂರ್ಯಕಾಂತ ತ್ರಿಪಾಠಿ ‘ನಿರಾಲಾ’ ಇಪ್ಪತ್ತರ ಆಸುಪಾಸಿನ ಹುಡುಗ. ಫ್ಲೂ ಮಹಾಮಾರಿ ದೇಶವನ್ನೆಲ್ಲ ಆವರಿಸಿದ ವರ್ಷ ಅದು. ಹೆಂಡತಿಗೆ ಕಾಯಿಲೆಯೆಂದು ತಂತಿ ಬಂದು, ಬಂಗಾಳದಿಂದ ಹೊರಟು ರಾಯ್‌ಬರೇಲಿ ಜಿಲ್ಲೆಯ ದಾಲ್ಮೌ ಎಂಬ ಗಂಗಾತೀರದ ಊರಿಗೆ ಅವರು ಮುಟ್ಟುವಷ್ಟರಲ್ಲಿ, ತವರಿನಲ್ಲಿದ್ದ ಮನೋಹರಾದೇವಿ ತೀರಿಕೊಂಡಿದ್ದರು. ಹೊಳೆಯ ತುಂಬ ಹೆಣಗಳಿದ್ದವೆಂದು ನಿರಾಲಾ ಮುಂದೆ ಬರೆದುಕೊಂಡರು. ಇದು ಕವಿಯ ಉತ್ಪ್ರೇಕ್ಷೆಯಲ್ಲ. ಸುಡಲು ಸೌದೆ ಸಾಲದೆ ನದಿಗಳು ಹೆಣಗಳಿಂದ ತುಂಬಿದ್ದನ್ನು ಅಂದಿನ ಸರ್ಕಾರಿ ವರದಿಯೂ ದಾಖಲಿಸಿದೆ. ಸ್ವಂತ ಊರಿನ ಹಾದಿ ಹಿಡಿದರೆ ದಾಯಾದಿ ಅಣ್ಣನ ಹೆಣ ಎದುರಾಯಿತು. ಕೆಲವೇ ದಿನಗಳಲ್ಲಿ ಅತ್ತಿಗೆ, ಅವರ ಮೊಲೆಗೂಸು, ಚಿಕ್ಕಪ್ಪ ಒಬ್ಬರ ಹಿಂದೊಬ್ಬರು ಹೋದರು. ಅಣ್ಣನ ಮಕ್ಕಳು, ತಮ್ಮದೇ ಇಬ್ಬರು ಮಕ್ಕಳು ನಿರಾಲಾ ಪಾಲಿಗೆ ಉಳಿದರು.

ಸಾಮಾನ್ಯ ವರ್ಷಗಳ ಫ್ಲೂ ಕೂಸುಗಳನ್ನೂ ಮುದುಕರನ್ನೂ ಕೊಲ್ಲುತ್ತದೆ. 1918ರ ಸಾವುಗಳನ್ನು ವಯಸ್ಸಿಗೆ ತಕ್ಕಂತೆ ನಕ್ಷೆಯಲ್ಲಿ ಬರೆದರೆ, ಈ ಎರಡು ತುದಿಗಳ ನಡುವೆ, ಇಪ್ಪತ್ತರಿಂದ ನಲವತ್ತರವರೆಗಿನ ವಯಸ್ಸಿನಲ್ಲಿ, ಮೂರನೆಯದೊಂದು ದಿಬ್ಬ ಎದ್ದು ನಿಲ್ಲುತ್ತದೆ. ಎಳೆಯ ಮಕ್ಕಳಿರುವ ತಂದೆತಾಯಿಯರ ವಯಸ್ಸೇ ಅದು. ವಯಸ್ಸಾದವರು ಹಿಂದೆಂದೋ ಇಂಥದೇ ವೈರಸ್ಸನ್ನು ಎದುರಿಸಿ ಒಂದಿಷ್ಟು ರಕ್ಷಣೆ ಗಳಿಸಿದ್ದಿರಬೇಕು ಎಂಬುದು ಒಂದು ವಿವರಣೆ; ಗಟ್ಟಿಮುಟ್ಟಾದ ದೇಹದ ರೋಗನಿರೋಧಕ ಶಕ್ತಿಯೇ ಕೆರಳಿ ಶ್ವಾಸಕೋಶವನ್ನು ಹಾಳುಮಾಡಿತು ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಪ್ರಸಿದ್ಧವಾದರೂ, ಮುದುಕರು ಪಾರಾದದ್ದಕ್ಕೆ ಮೊದಲನೆಯದೇ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ತೋರುತ್ತದೆ.

ಕೊಂದದ್ದು ವೈರಸ್ ಒಂದೇ ಅಲ್ಲ. ಶ್ವಾಸನಾಳದ ಒಳಪದರದ ಮೇಲೆ ಸೂಕ್ಷ್ಮ ರೋಮಗಳಿದ್ದು, ಅವು ಕಫವನ್ನೂ ಅದರಲ್ಲಿ ಸಿಕ್ಕಿದ ಕ್ರಿಮಿಗಳನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ವೈರಸ್ ಆ ಪದರವನ್ನು ಕಿತ್ತುಹಾಕಿದಾಗ, ಮೂಗು–ಗಂಟಲಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಆಗ ಸತ್ತವರ, ಜೋಪಾನವಾಗಿಟ್ಟಿದ್ದ ಶ್ವಾಸಕೋಶದ ತುಣುಕುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುತೇಕ ಎಲ್ಲದರಲ್ಲೂ ಇಂಥ ಸೋಂಕಿನ ಗುರುತು ಕಂಡಿತ್ತು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಮನುಷ್ಯರ ಫ್ಲೂ ವೈರಸ್ಸನ್ನು ಬೇರ್ಪಡಿಸಿದ್ದೇ 1933ರಲ್ಲಿ.

ಭಾರತದಲ್ಲಿ ಆ ವರ್ಷ ಮಳೆ ಕೈಕೊಟ್ಟಿತ್ತು, ಕಾಳುಕಡ್ಡಿಯ ಬೆಲೆ ಏರಿತ್ತು. ಇಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರು. ರೋಗಿಗಳ ಹಾಸಿಗೆಯ ಪಕ್ಕ ಕೂತು ಶುಶ್ರೂಷೆ ಮಾಡುತ್ತಿದ್ದವರೂ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದವರೂ ಅವರೇ ಅಲ್ಲವೆ? ಸತ್ತವರು 1.2 ಕೋಟಿಯಿಂದ 1.8 ಕೋಟಿ ಎಂಬ ಅಂದಾಜುಗಳಿವೆ. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆಯೇ ಇಳಿಯಿತು.

ತಾಯಿ ಸತ್ತಾಗ ನಿರಾಲಾ ಮಗಳು ಸರೋಜ ಇನ್ನೂ ಎಳೆಯ ಕೂಸು. ಅವಳನ್ನು ಬೆಳೆಸಿದ್ದು ದಾಲ್ಮೌದಲ್ಲಿದ್ದ ತಾಯಿಯ ತಾಯಿ.