ನಗರದ ನಡುವೆ ಹೊಸ ಅರೀನಾ: ನಕ್ಷೆಯನ್ನೂ ಲೀಸನ್ನೂ ಓದುವ ಕ್ರಮ

ಹೊಸ ಒಳಾಂಗಣ ಅರೀನಾ (ಆಟ, ಸಂಗೀತ ಎರಡೂ ನಡೆಯುವ ಚಾವಣಿಯುಳ್ಳ ಕ್ರೀಡಾಂಗಣ) ಯೋಜನೆ ಪ್ರಕಟವಾದಾಗ ಮೊದಲು ಕೈಗೆ ಸಿಗುವುದು ಬಣ್ಣದ ಚಿತ್ರಗಳು: ಸಂಜೆ ಬೆಳಕು, ಗಾಜಿನ ಗೋಡೆ, ಮರಗಳ ನಡುವೆ ಓಡಾಡುವ ಜನ. ಅಧ್ಯಯನಕ್ಕೆ ಕೂತವರು ಅವನ್ನು ಪಕ್ಕಕ್ಕಿಟ್ಟು ಐದು ಹಾಳೆ ಹುಡುಕಬೇಕು. ಅಂಕಣದ ನಕ್ಷೆ, ಆಸನ ಸಾಲುಗಳ ಅಡ್ಡಸೀಳು ನಕ್ಷೆ, ಚಾವಣಿ ಹೊರುವ ಭಾರದ ಪಟ್ಟಿ, ಲಾರಿಗಳು ಬಂದು ನಿಲ್ಲುವ ಮಟ್ಟದ ನಕ್ಷೆ, ಕೊನೆಗೆ ಲೀಸ್ ಕರಾರಿನ ಕರಡು. ಪರದೆ, ಕುರ್ಚಿ, ತಿಂಡಿ ಕೌಂಟರ್ ಇವನ್ನೆಲ್ಲ ಹತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ಈ ಐದರಲ್ಲಿ ಆದ ತಪ್ಪು ಮಾತ್ರ ಕಟ್ಟಡ ಇರುವಷ್ಟು ಕಾಲ ಜೊತೆಗೇ ಇರುತ್ತದೆ.

ಅಂಕಣದ ಅಳತೆ

ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಅಂಕಣ 28.65 ಮೀ. ಉದ್ದ, 15.24 ಮೀ. ಅಗಲ. ಎನ್‌ಎಚ್‌ಎಲ್ (ಅಲ್ಲಿನ ವೃತ್ತಿಪರ ಐಸ್ ಹಾಕಿ ಲೀಗ್) ರಿಂಕ್, ಅಂದರೆ ಐಸಿನ ಅಂಕಣ, 60.96 ಮೀ. ಉದ್ದ, 25.91 ಮೀ. ಅಗಲ. ಎರಡನ್ನೂ ಒಂದೇ ಮಧ್ಯಬಿಂದುವಿನ ಮೇಲಿಟ್ಟು ನೋಡಿದರೆ ಉದ್ದದ ಎರಡೂ ತುದಿಗಳಲ್ಲಿ ರಿಂಕ್ ಸುಮಾರು 16 ಮೀಟರ್ ಹೊರಕ್ಕೆ ಚಾಚಿರುತ್ತದೆ, ಅಗಲದಲ್ಲಿ ಒಂದೊಂದು ಬದಿಗೆ ಐದು ಮೀಟರ್ ಚಿಲ್ಲರೆ. ಇಡೀ ಯೋಜನೆಯ ಜಗ್ಗಾಟ ಈ 16 ಮೀಟರಿನಲ್ಲಿದೆ.

ಹಾಕಿಗೆ ಹೊಂದುವಂತೆ ಆಸನಗಳನ್ನು ಕಟ್ಟಿದರೆ ಬ್ಯಾಸ್ಕೆಟ್‌ಬಾಲ್ ದಿನ ತುದಿಯ ಪ್ರೇಕ್ಷಕರು ಆಟದಿಂದ ದೂರ ಉಳಿಯುತ್ತಾರೆ. ಆ ಜಾಗ ತುಂಬಲು ಒಳಕ್ಕೆ ಮಡಚಿ ಹೊರಕ್ಕೆ ಎಳೆಯುವ ಸಾಲುಗಳು ಬೇಕು. ಬ್ಯಾಸ್ಕೆಟ್‌ಬಾಲ್‌ಗೆ ಬಿಗಿಯಾಗಿ ಕಟ್ಟಿದರೆ ಖರ್ಚು ಕಡಿಮೆ, ನೋಟ ಚೆನ್ನ, ಸದ್ದೂ ಜೋರು; ಆದರೆ ಮುಂದೊಂದು ದಿನ ಹಾಕಿ ತಂಡ ಬಂದರೆ ಕೆಲವು ಆಸನಗಳಿಂದ ಗೋಲೇ ಕಾಣದು. ಅಮೆರಿಕದ ಫೀನಿಕ್ಸ್ ನಗರದಲ್ಲಿ ಆದದ್ದು ಇದೇ. 1992ರಲ್ಲಿ ತೆರೆದ ಬ್ಯಾಸ್ಕೆಟ್‌ಬಾಲ್ ಅರೀನಾಕ್ಕೆ 1996ರಲ್ಲಿ ಹಾಕಿ ತಂಡ ಬಂತು. ಒಂದು ತುದಿಯ ಮೇಲಿನ ಆಸನಗಳಿಂದ ಹತ್ತಿರದ ಗೋಲು ಕಾಣುತ್ತಿರಲಿಲ್ಲ. 2003ರ ಡಿಸೆಂಬರ್‌ನಲ್ಲಿ ತಂಡ ಗ್ಲೆಂಡೇಲ್‌ಗೆ ಹೋಯಿತು. ಈ ಪಾಠ ಕಣ್ಣೆದುರಿಗಿದ್ದೂ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್ 2012ರಲ್ಲಿ ಬ್ಯಾಸ್ಕೆಟ್‌ಬಾಲ್ ಅಳತೆಗೇ ಎದ್ದು ನಿಂತಿತು. 2015ರಲ್ಲಿ ಐಲ್ಯಾಂಡರ್ಸ್ ಎಂಬ ಹಾಕಿ ತಂಡ ಬಂದಾಗ ರಿಂಕನ್ನು ನಡುವಿನಲ್ಲಿ ಕೂರಿಸಲಾಗದೆ ಒಂದು ಪಕ್ಕಕ್ಕೆ ಸರಿಸಬೇಕಾಯಿತು; ಮೇಲೆ ತೂಗುವ ಸ್ಕೋರ್‌ಬೋರ್ಡ್ ರಿಂಕಿನ ಮಧ್ಯಕ್ಕೆ ಬರಲೇ ಇಲ್ಲ. ಆ ತಂಡಕ್ಕೆ 2021ರಲ್ಲಿ ಬೇರೆ ಅರೀನಾ ಆಯಿತು.

ಹಾಗಾಗಿ ‘ಬಹೂಪಯೋಗಿ’ ಎಂಬ ಪದ ಕಂಡ ಕೂಡಲೇ ಎರಡೂ ಅಂಕಣಗಳನ್ನು ಒಂದರ ಮೇಲೊಂದು ಬರೆದ ನಕ್ಷೆ ಇದೆಯೇ ಎಂದು ನೋಡಿ. ಅದಿಲ್ಲದಿದ್ದರೆ ಆ ಪದಕ್ಕೆ ಬೆಲೆ ಇಲ್ಲ.

ಮುಂದಿನವರ ತಲೆಯ ಮೇಲಿಂದ ನೋಟ

ಪ್ರೇಕ್ಷಕರ ಕಣ್ಣಿನಿಂದ ಆಟದ ಬಿಂದುವಿಗೆ (ಕಾಣಲೇಬೇಕಾದ ಜಾಗ, ಉದಾಹರಣೆಗೆ ಅಂಕಣದ ಅಂಚು) ಎಳೆದ ಗೆರೆ ಮುಂದಿನ ಸಾಲಿನವರ ಕಣ್ಣಿಗಿಂತ ಎಷ್ಟು ಮೇಲೆ ಹಾಯುತ್ತದೆ ಎಂಬುದೇ ಸಿ-ಮೌಲ್ಯ. 90 ಮಿ.ಮೀ. ಇದ್ದರೆ ಒಳ್ಳೆಯದು. 60 ಅಂದರೆ ಕತ್ತು ಸ್ವಲ್ಪ ಅತ್ತಿತ್ತ ವಾಲಿಸಬೇಕು. ಅದಕ್ಕೂ ಕೆಳಗಿಳಿದರೆ ಎದ್ದು ನಿಂತೇ ನೋಡಬೇಕು, ಆಗ ಹಿಂದಿನವರೆಲ್ಲ ಎದ್ದು ನಿಲ್ಲುತ್ತಾರೆ. ಸೂತ್ರ ಹೀಗಿದೆ:

ಸಿ = ಡಿ × (ಎನ್ + ಆರ್) ÷ (ಡಿ + ಟಿ) − ಆರ್

ಡಿ ಎಂದರೆ ಮುಂದಿನ ಸಾಲಿನ ಕಣ್ಣಿನಿಂದ ಆಟದ ಬಿಂದುವಿಗೆ ಇರುವ ಅಡ್ಡ ದೂರ, ಆರ್ ಎಂದರೆ ಅದೇ ಕಣ್ಣು ಆ ಬಿಂದುವಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದು. ಟಿ ಸಾಲಿನ ಅಗಲ, ಎನ್ ಒಂದು ಸಾಲಿನಿಂದ ಮುಂದಿನದಕ್ಕೆ ಇರುವ ಏರಿಕೆ.

ಕೆಳಹಂತದ ಒಂದು ಸಾಲು ತೆಗೆದುಕೊಳ್ಳಿ: ಡಿ 16 ಮೀ., ಆರ್ 4 ಮೀ., ಟಿ 0.80 ಮೀ., ಎನ್ 0.30 ಮೀ. 16 × 4.30 = 68.8, ಅದನ್ನು 16.8ರಿಂದ ಭಾಗಿಸಿದರೆ 4.095, 4 ಕಳೆದರೆ 95 ಮಿ.ಮೀ. ಚೆನ್ನಾಗಿದೆ. ಈಗ ಅದೇ 0.30 ಮೀ. ಏರಿಕೆಯನ್ನು ಮೇಲಿನ ಹಂತಕ್ಕೂ ಬಳಸಿ. ಡಿ 30, ಆರ್ 12 ಎಂದಿಟ್ಟುಕೊಂಡರೆ ಉತ್ತರ −19 ಮಿ.ಮೀ., ಅಂದರೆ ನೋಟ ನೇರವಾಗಿ ಮುಂದಿನವರ ತಲೆಗೆ ತಾಗುತ್ತದೆ. ಅಲ್ಲಿ ಏರಿಕೆಯನ್ನು 0.42ಕ್ಕೆ ತಂದರೆ ಮತ್ತೆ 97 ಮಿ.ಮೀ. ಸಿಗುತ್ತದೆ. ಮೇಲೆ ಹೋದಂತೆ ಗ್ಯಾಲರಿ ಕಡಿದಾಗುವುದು ಈ ಲೆಕ್ಕಕ್ಕೆ, ಅಂದಕ್ಕಲ್ಲ. ಸಾಲು ಕಡಿದಾದಷ್ಟೂ ಕಟ್ಟಡದ ಎತ್ತರ ಏರುತ್ತದೆ, ಚಾವಣಿ ಮೇಲಕ್ಕೆ ಹೋಗುತ್ತದೆ, ಉಕ್ಕು ಮತ್ತು ಹವಾನಿಯಂತ್ರಣದ ಬಿಲ್ಲೂ ಏರುತ್ತದೆ. ಬಜೆಟ್ ಕಡಿತದ ಹೊತ್ತಿಗೆ ಈ ಏರಿಕೆಯಿಂದ ಎರಡು ಮೂರು ಸೆಂಟಿಮೀಟರ್ ಕತ್ತರಿಸುವ ಆಸೆ ಹುಟ್ಟುವುದು ಅದಕ್ಕೇ. ಪರಿಷ್ಕೃತ ನಕ್ಷೆ ಬಂದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಹಾಕಿ.

ಆಟದ ಬಿಂದು ಎಲ್ಲಿದೆ ಎಂದು ಕೇಳುವುದನ್ನು ಮರೆಯಬೇಡಿ. ಬ್ಯಾಸ್ಕೆಟ್‌ಬಾಲ್ ಅಂಕಣದ ಅಂಚನ್ನು ಬಿಂದುವಾಗಿ ಹಿಡಿದು ಬಂದ ಸಿ-ಮೌಲ್ಯ ಹಾಕಿ ರಿಂಕಿನ ಅಂಚಿಗೆ ನಿಲ್ಲುವುದಿಲ್ಲ.

ಐಸ್ ಕೆಳಗಿನ ಪದರಗಳು

ಕೆಳಗಿನಿಂದ ಮೇಲಕ್ಕೆ: ಗಟ್ಟಿಮಾಡಿದ ನೆಲ, ಅದರಲ್ಲಿ ಬೆಚ್ಚಗಿಡುವ ಕೊಳವೆಗಳು, ಉಷ್ಣನಿರೋಧಕ ಪದರ, ಜಾರು ಹಾಳೆ, ಆಮೇಲೆ ತಂಪು ಕೊಳವೆಗಳನ್ನು ಹುದುಗಿಸಿದ ಕಾಂಕ್ರೀಟ್ ಸ್ಲ್ಯಾಬ್. ಕೊಳವೆಗಳಲ್ಲಿ ಗ್ಲೈಕಾಲ್ ಇಲ್ಲವೇ ಉಪ್ಪುನೀರು ಹರಿಯುತ್ತದೆ. ಇಷ್ಟೆಲ್ಲದರ ಮೇಲೆ ನಿಲ್ಲುವ ಐಸಿನ ದಪ್ಪ ಬರೀ ಮೂರು ಸೆಂಟಿಮೀಟರ್ ಆಸುಪಾಸು. ಐಸಿನ ಕೆಳಗೆ ಬೆಚ್ಚಗಿನ ಕೊಳವೆ ಯಾಕೆ ಎಂದು ಹೊಸಬರು ಕೇಳುತ್ತಾರೆ. ತಿಂಗಳುಗಟ್ಟಲೆ ತಂಪು ಇಳಿದರೆ ಕೆಳಗಿನ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಸ್ಲ್ಯಾಬ್ ಎದ್ದು ಬಿರುಕು ಬಿಡುತ್ತದೆ, ಅದನ್ನು ತಡೆಯಲು.

ಬ್ಯಾಸ್ಕೆಟ್‌ಬಾಲ್ ಇರುವ ದಿನ ಐಸನ್ನು ಕರಗಿಸುವುದಿಲ್ಲ. ನಿರೋಧಕ ಹಲಗೆ ಹಾಸಿ, ಅದರ ಮೇಲೆ ಮರದ ಅಂಕಣದ ತುಂಡುಗಳನ್ನು ಜೋಡಿಸುತ್ತಾರೆ. 4 ಅಡಿ × 8 ಅಡಿಯ ತುಂಡಾದರೆ 120 × 60 ಅಡಿಯ ಹಾಸಿಗೆ 225 ಬೇಕು. ಇಲ್ಲಿ ಕೈಕೊಡುವುದು ತೇವ. ಸಾವಿರಾರು ಜನರ ಉಸಿರಿನ ಆವಿ, ಹೊರಗಿಂದ ನುಗ್ಗುವ ಬಿಸಿಗಾಳಿ, ಅಡಿಯಲ್ಲಿ ಐಸ್: ಮರದ ಮೇಲೆ ನೀರು ಹನಿಗಟ್ಟಿದರೆ ಆಟವೇ ನಿಲ್ಲುತ್ತದೆ. ತೇವ ತೆಗೆಯುವ ಯಂತ್ರಗಳ ಸಾಮರ್ಥ್ಯವನ್ನು ಚಳಿಗಾಲದ ದಿನಕ್ಕಲ್ಲ, ಅತಿ ಸೆಕೆಯ ದಿನಕ್ಕೆ ಲೆಕ್ಕ ಹಾಕಿದ್ದಾರೆಯೇ ನೋಡಿ. ತುಂಡುಗಳನ್ನು ಪೇರಿಸಿಡುವ ಉಗ್ರಾಣ ಅಂಕಣದ ಮಟ್ಟದಲ್ಲೇ ಇರಬೇಕು. ಲಿಫ್ಟಿನಲ್ಲಿ ಸಾಗಿಸುವಂತಿದ್ದರೆ ರಾತ್ರಿಯ ಅದಲುಬದಲು ಬೆಳಗಿನವರೆಗೆ ಎಳೆಯುತ್ತದೆ.

ಚಾವಣಿ: ಮೇಲಿನ ಭಾರ, ತೂಗುವ ಭಾರ

1978ರ ಜನವರಿ 18ರ ನಸುಕಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಸಿವಿಕ್ ಸೆಂಟರ್ ಅರೀನಾದ ಚಾವಣಿ ಹಿಮದ ಭಾರಕ್ಕೆ ಕುಸಿಯಿತು. ಕೆಲವೇ ಗಂಟೆ ಮೊದಲು ಅದರಡಿ ಸಾವಿರಾರು ಜನ ಬ್ಯಾಸ್ಕೆಟ್‌ಬಾಲ್ ನೋಡಿ ಎದ್ದುಹೋಗಿದ್ದರು. ಹಿಮ ನೆಪವಷ್ಟೇ. ಮೇಲಿನ ಒತ್ತಡದ ಸಲಾಕೆಗಳಿಗೆ ಅಡ್ಡ ಆಸರೆ ಸಾಲದೆ ಅವು ಬಾಗಿದ್ದವು, ಚಾವಣಿಯ ಸ್ವಂತ ತೂಕವನ್ನು ಲೆಕ್ಕದಲ್ಲಿ ಕಡಿಮೆ ಹಿಡಿಯಲಾಗಿತ್ತು. ಕಟ್ಟುವಾಗಲೇ ಬಾಗು ಅಂದಾಜಿನ ಎರಡು ಪಟ್ಟು ಕಂಡರೂ ಯಾರೂ ತಡೆಯಲಿಲ್ಲ. ಮರುವರ್ಷ ಜೂನ್ 4ರಂದು ಕಾನ್ಸಾಸ್ ಸಿಟಿಯ ಕೆಂಪರ್ ಅರೀನಾದ ಸರದಿ. ಅಲ್ಲಿ ಮಳೆನೀರು ಹರಿದುಹೋಗುವ ಕಿಂಡಿಗಳು ಸಾಲದೆ ಚಾವಣಿಯ ಮೇಲೆ ನೀರು ನಿಂತಿತು, ಚಾವಣಿ ಬಾಗಿತು, ಬಾಗಿದ ಕಡೆಗೆ ಇನ್ನಷ್ಟು ನೀರು ಬಂತು. ವರ್ಷಗಳ ಗಾಳಿಯ ಓಲಾಟಕ್ಕೆ ದಣಿದಿದ್ದ ಬೋಲ್ಟುಗಳು ಹರಿದವು. ಎರಡರಲ್ಲೂ ಕಲಿಯಬೇಕಾದದ್ದು ಒಂದೇ ಬಗೆಯದು: ಅಳತೆ ಲೆಕ್ಕಕ್ಕೆ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದು ಕಾಗದದಲ್ಲಿ ಬರೆದಿರಬೇಕು.

ಇವತ್ತಿನ ಚಾವಣಿಗೆ ಇನ್ನೊಂದು ಕೆಲಸವೂ ಇದೆ. ಸಂಗೀತ ಕಾರ್ಯಕ್ರಮಗಳು ಸ್ಪೀಕರ್, ದೀಪ, ಪರದೆ ಎಂದು ಹತ್ತಾರು ಟನ್ ತೂಗುಹಾಕುತ್ತವೆ, ಅದೂ ವೇದಿಕೆ ಇರುವ ಒಂದೇ ತುದಿಗೆ. ಒಟ್ಟು ಸಾಮರ್ಥ್ಯದ ಅಂಕಿಯೊಂದನ್ನೇ ನಂಬಬೇಡಿ. ಒಂದೊಂದು ತೂಗುಬಿಂದುವಿಗೆ ಎಷ್ಟು, ಒಂದೇ ತುದಿಗೆ ಬಿದ್ದರೆ ಎಷ್ಟು, ಹಿಮ ಇದ್ದಾಗ ಎಷ್ಟು ಇಳಿಸಬೇಕು, ಮೂರನ್ನೂ ಕೇಳಿ. ಹಳೆಯ ಅರೀನಾಗಳಿಗೆ ದೊಡ್ಡ ಕಾರ್ಯಕ್ರಮಗಳು ಬರದಿರಲು ಎಷ್ಟೋ ಸಲ ಕಾರಣ ಆಸನದ ಸಂಖ್ಯೆಯಲ್ಲ, ಈ ತೂಕ.

ಲಾರಿ, ದಾರಿ, ಬಾಗಿಲು

ದೊಡ್ಡ ಕಾರ್ಯಕ್ರಮದ ಸಾಮಾನು ಇಪ್ಪತ್ತು, ಮೂವತ್ತು ಲಾರಿಗಳಲ್ಲಿ ಬರುತ್ತದೆ. ಅಮೆರಿಕದ 53 ಅಡಿ ಟ್ರೇಲರ್ ಒಂದೇ 16 ಮೀ. ಉದ್ದ, ಎಳೆಯುವ ಮುಂಭಾಗ ಸೇರಿದರೆ 20 ಮೀಟರ್ ದಾಟುತ್ತದೆ. ಅದು ರಸ್ತೆಯಿಂದ ಒಳಬಂದು, ಕಟ್ಟಡದೊಳಗೇ ತಿರುಗಿ, ಅಂಕಣದ ಮಟ್ಟಕ್ಕೇ ತಲುಪುವಂತಿರಬೇಕು. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅರೀನಾ 1968ರಿಂದ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಮೇಲೆ ಕೂತಿದೆ. ರೈಲಿನಲ್ಲಿ ಬರುವ ಪ್ರೇಕ್ಷಕರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಆದರೆ ಅಂಕಣ ಬೀದಿಯಿಂದ ಐದು ಮಹಡಿ ಮೇಲಿದೆ, ಲಾರಿಗಳು ಅಕ್ಕಪಕ್ಕದ ಬೀದಿಗಳಲ್ಲೇ ನಿಂತು ಸಾಮಾನು ಇಳಿಸುತ್ತವೆ. 2023ರಲ್ಲಿ ರೈಲು ಸಂಸ್ಥೆಗಳು ಅರೀನಾಕ್ಕೂ ನಿಲ್ದಾಣಕ್ಕೂ ಹೊಂದಾಣಿಕೆ ಇಲ್ಲ ಎಂದು ಆಕ್ಷೇಪಿಸಿದಾಗ ಈ ಲಾರಿಗಳ ಮಾತೂ ಬಂದಿತ್ತು. ನಗರಸಭೆ ಆ ವರ್ಷ ಪರವಾನಗಿ ವಿಸ್ತರಿಸಿದ್ದು ಐದೇ ವರ್ಷಕ್ಕೆ.

ಜನ ಹೊರಹೋಗುವ ಲೆಕ್ಕವನ್ನು ಕೈಯಲ್ಲೇ ಹಾಕಬಹುದು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿಯ ಪ್ರಕಾರ ನಿಮಿಷಕ್ಕೆ ಒಂದು ಮೀಟರ್ ಅಗಲದಲ್ಲಿ ಸಮತಟ್ಟಾದ ದಾರಿಯಲ್ಲಿ 82, ಮೆಟ್ಟಿಲಲ್ಲಿ 66 ಜನ ಸಾಗುತ್ತಾರೆ. ಮಾಮೂಲು ದಿನ ಹೊರಬರಲು ಗರಿಷ್ಠ 8 ನಿಮಿಷ. 18,000 ಜನ ಮೆಟ್ಟಿಲಿಳಿಯುವುದಾದರೆ 18,000 ÷ (66 × 8) = ಸುಮಾರು 34 ಮೀಟರ್ ಒಟ್ಟು ಅಗಲ. ಇದು ಕನಿಷ್ಠ. ಜನ ಸಮನಾಗಿ ಹಂಚಿಹೋಗುವುದಿಲ್ಲ, ಬಂದ ಬಾಗಿಲ ಕಡೆಗೇ ತಿರುಗುತ್ತಾರೆ. ಅದಕ್ಕೇ ದೊಡ್ಡ ದಾರಿಯೊಂದು ಮುಚ್ಚಿದೆ ಎಂದಿಟ್ಟುಕೊಂಡು ಉಳಿದವು ಸಾಕೇ ಎಂದು ನೋಡಬೇಕು. ಹೊರಬಂದ ಮೇಲೆ ಕಾಲುದಾರಿ ಎಷ್ಟು ಅಗಲವಿದೆ ಎಂಬುದು ಇದೇ ಲೆಕ್ಕದ ಮುಂದುವರಿಕೆ, ಆದರೆ ಬಹುತೇಕ ವರದಿಗಳು ಕಟ್ಟಡದ ಗೋಡೆಗೇ ನಿಂತುಬಿಡುತ್ತವೆ.

ಗಾಲಿಕುರ್ಚಿಯ ಜಾಗಕ್ಕೆ ಅಮೆರಿಕದ ನಿಯಮ: 5,000 ಆಸನಕ್ಕೆ 36, ಅದರಾಚೆ ಪ್ರತಿ 200ಕ್ಕೆ ಒಂದು. 18,000 ಆಸನಕ್ಕೆ 101. ಅವು ಒಂದೇ ಮೂಲೆಯಲ್ಲಿ ಗುಂಪಾಗಿರಬಾರದು.

ಹಣ: ಯಾರ ಜೇಬು, ಯಾರ ಲಾಭ

ಇಲ್ಲಿ ನಿಧಾನಕ್ಕೆ ಓದಿ. ಒಂದು ಎನ್‌ಬಿಎ ತಂಡಕ್ಕೆ ಸಾಮಾನ್ಯ ಋತುವಿನಲ್ಲಿ 41 ತವರು ಪಂದ್ಯಗಳು, ಎನ್‌ಎಚ್‌ಎಲ್ ತಂಡಕ್ಕೂ ಬಹುಕಾಲ 41. ಎರಡೂ ಸೇರಿದರೂ 82 ದಿನ. ಮಿಕ್ಕ ದಿನಗಳನ್ನು ಸಂಗೀತ, ಪ್ರದರ್ಶನ, ಸಮಾವೇಶಗಳಿಂದ ತುಂಬಬೇಕು. ಯೋಜನಾ ವರದಿಯ ‘ವರ್ಷಕ್ಕೆ ಇಷ್ಟು ಕಾರ್ಯಕ್ರಮ’ ಎಂಬ ಅಂಕಿಯನ್ನು ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ತಂಡ ಪ್ಲೇಆಫ್‌ಗೆ (ಋತುವಿನ ಕೊನೆಯ ನಾಕೌಟ್ ಸುತ್ತುಗಳಿಗೆ) ಹೋಗಬಹುದು ಎಂದು ಏಪ್ರಿಲ್‌ನಿಂದ ಜೂನ್‌ವರೆಗೆ ಎಷ್ಟೋ ದಿನಾಂಕಗಳನ್ನು ಕಾದಿರಿಸಬೇಕು, ಅದಲುಬದಲಿಗೂ ಹೊತ್ತು ಬೇಕು. ಅಷ್ಟನ್ನು ಕಳೆದ ಮೇಲೂ ಅಂಕಿ ಹಿಡಿಸುತ್ತದೆಯೇ?

ಸಾರ್ವಜನಿಕ ಹಣ ಬರುವ ದಾರಿಗಳಲ್ಲಿ ಒಂದು, ಸುತ್ತಲಿನ ಪ್ರದೇಶದ ಮುಂದಿನ ತೆರಿಗೆ ಏರಿಕೆಯನ್ನು ಒತ್ತೆಯಿಟ್ಟು ಸಾಲ ಎತ್ತುವುದು. ಆರಂಭದ ವರ್ಷದ ತೆರಿಗೆಯನ್ನು ಗೆರೆಯಾಗಿ ಹಿಡಿದು, ಅದರ ಮೇಲಿನ ಹೆಚ್ಚಳವೆಲ್ಲ ಬಾಂಡ್ (ಆ ಸಾಲದ ಪತ್ರ) ತೀರಿಸಲು ಹೋಗುತ್ತದೆ. ದೋಷ ಇರುವುದು ಆ ಹೆಚ್ಚಳ ಅರೀನಾದಿಂದಲೇ ಬಂತೆಂಬ ಊಹೆಯಲ್ಲಿ. ಅರೀನಾ ಇಲ್ಲದಿದ್ದರೂ ಏರುತ್ತಿದ್ದ ತೆರಿಗೆಯೂ ಅದರೊಳಗೆ ಸೇರಿಹೋಗುತ್ತದೆ. ಜೊತೆಗೆ ಸ್ಥಳೀಯರು ಟಿಕೆಟಿಗೆ ಕೊಟ್ಟ ಹಣದ ಬಹುಪಾಲು ಊರಲ್ಲೇ ಸಿನಿಮಾಕ್ಕೋ ಹೋಟೆಲಿಗೋ ಹೋಗುತ್ತಿದ್ದ ಹಣ. ಕ್ರೀಡಾಂಗಣ ಸಬ್ಸಿಡಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಲಾಭ ಖರ್ಚಿಗೆ ಸಮನಾಗದು ಎನ್ನುವುದು ಇದೇ ಕಾರಣಕ್ಕೆ.

ಕಾನೂನಿನ ಒಂದು ವಿಚಿತ್ರವನ್ನೂ ತಿಳಿದಿರಬೇಕು. ಅಮೆರಿಕದ 1986ರ ತೆರಿಗೆ ಸುಧಾರಣಾ ಕಾಯ್ದೆಯ ಪ್ರಕಾರ ಖಾಸಗಿ ತಂಡ ಬಳಸುವ ಕಟ್ಟಡದ ಬಾಂಡಿನ ಬಡ್ಡಿ ತೆರಿಗೆಮುಕ್ತವಾಗಿ ಉಳಿಯಬೇಕಾದರೆ ಸಾಲದ ಕಂತಿನ ಶೇ. 10ಕ್ಕಿಂತ ಹೆಚ್ಚು ಕಟ್ಟಡದ ಖಾಸಗಿ ಆದಾಯದಿಂದ ಬರುವಂತಿಲ್ಲ. ಉದ್ದೇಶ ಸಬ್ಸಿಡಿ ತಡೆಯುವುದು. ಆದದ್ದು ತಿರುಗಾಮುರುಗಾ: ನಗರಗಳು ಬಾಡಿಗೆ ಇಳಿಸಿ, ಕಂತನ್ನು ಸಾಮಾನ್ಯ ತೆರಿಗೆಯಿಂದ ಕಟ್ಟತೊಡಗಿದವು.

ಪೂರ್ತಿ ಖಾಸಗಿ ಹಣವಾದರೆ ಜಗಳವಿಲ್ಲ ಎಂದುಕೊಳ್ಳಬೇಡಿ. ಫಿಲಡೆಲ್ಫಿಯಾದ ಸೆವೆಂಟಿಸಿಕ್ಸರ್ಸ್ ಬ್ಯಾಸ್ಕೆಟ್‌ಬಾಲ್ ತಂಡ 2022ರಲ್ಲಿ ನಗರದ ನಡುವೆ, ಚೀನೀ ಮೂಲದವರ ಬಡಾವಣೆಯಾದ ಚೈನಾಟೌನ್ ಪಕ್ಕದಲ್ಲಿ 1.3 ಬಿಲಿಯನ್ ಡಾಲರಿನ ಅರೀನಾ ಘೋಷಿಸಿತು. ಬಡಾವಣೆಯವರು ವಿರೋಧಿಸಿದರು. ಎರಡು ವರ್ಷದ ಚರ್ಚೆಯ ಬಳಿಕ 2024ರ ಡಿಸೆಂಬರ್‌ನಲ್ಲಿ ನಗರಸಭೆ ಒಪ್ಪಿತು. 2025ರ ಜನವರಿಯಲ್ಲಿ ತಂಡವೇ ಯೋಜನೆ ಕೈಬಿಟ್ಟು, ಈಗಿರುವ ಅರೀನಾದ ಒಡೆಯರ ಜೊತೆ ಸೇರಿ ದಕ್ಷಿಣ ಭಾಗದಲ್ಲೇ ಹೊಸದು ಕಟ್ಟುವುದಾಗಿ ಹೇಳಿತು.

ಕೊನೆಯ ಹಾಳೆ ಲೀಸ್. ಕಟ್ಟುವ ಖರ್ಚು ಅಂದಾಜು ಮೀರಿದರೆ ಹೆಚ್ಚುವರಿ ಯಾರದು ಎಂಬ ಷರತ್ತನ್ನು ಮೊದಲು ಹುಡುಕಿ. ಅದು ಸಾಮಾನ್ಯವಾಗಿ ವ್ಯಾಖ್ಯೆಗಳ ಭಾಗದಲ್ಲಿ ಅಡಗಿರುತ್ತದೆ. ಆಮೇಲೆ ಹೆಸರಿನ ಹಕ್ಕು ಮಾರಿದ ಹಣ, ಪಾರ್ಕಿಂಗ್ ಹಣ ಯಾರಿಗೆ ಎಂಬುದು. ದೊಡ್ಡ ದುರಸ್ತಿಗೆ ವರ್ಷವರ್ಷ ನಿಧಿ ಎತ್ತಿಡುತ್ತಾರೆಯೇ, ಅಥವಾ ಶೀತಕ ಯಂತ್ರ ಕೈಕೊಟ್ಟ ದಿನ ನಗರದ ಬಾಗಿಲು ತಟ್ಟುತ್ತಾರೆಯೇ? ತಂಡ ಊರು ಬಿಡುವುದಿಲ್ಲ ಎಂಬ ಕರಾರಿನ ಅವಧಿ ಬಾಂಡ್ ತೀರುವ ವರ್ಷಕ್ಕಿಂತ ಮೊದಲೇ ಮುಗಿದರೆ, ಆ ನಡುವಿನ ವರ್ಷಗಳ ಕಂತು ಖಾಲಿ ಕಟ್ಟಡದ ಮೇಲೆ ಬೀಳುತ್ತದೆ. ಎರಡೂ ದಿನಾಂಕಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ, ಅದರ ಕೆಳಗೆ ಕಟ್ಟಡ ಕೆಡವುವ ಖರ್ಚು ಯಾರ ಹೆಸರಲ್ಲಿದೆ ಎಂಬುದನ್ನೂ.